ಹೊಗೆಯ ಹೊಣೆ ಯಾರದ್ದು, ಅಣು ವಿದ್ಯುತ್ ಬೇಕಾ: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಡಿಕೇರಿ ಕಡೆಯ ಸಣ್ಣ ಕಾಫಿ ಬೆಳೆಗಾರ. ಕರೆಂಟು, ಮಳೆ, ಹವಾಮಾನ ಇವುಗಳ ಬಗ್ಗೆ ಓದುವ ಅಭ್ಯಾಸ ಹಳೆಯದು. ಹಾಗಾಗಿ ಮದುವೆ ಮನೆಯಲ್ಲಿ, ಸೊಸೈಟಿ ಸಭೆಯಲ್ಲಿ, ಕುಶಾಲನಗರದ ಸಂತೆಯಲ್ಲಿ ಸಿಕ್ಕವರು ನನ್ನನ್ನು ಹಿಡಿದು ಇದನ್ನೇ ಕೇಳುತ್ತಾರೆ. ಉತ್ತರಗಳನ್ನು ಒಂದು ಕಡೆ ಬರೆದಿಟ್ಟರೆ ಎಲ್ಲರಿಗೂ ಸಿಗುತ್ತದೆ ಅಂತ ಈ ಪುಟ. ಪ್ರಶ್ನೆಗಳನ್ನು ಆದಷ್ಟು ಜನ ಕೇಳಿದ ಹಾಗೇ ಇಟ್ಟಿದ್ದೇನೆ.

ಕಾಫಿ, ಮೆಣಸು ಬೆಳೆಯುವ ನಮಗೆ ಈ ಇಂಗಾಲದ ಲೆಕ್ಕ ಯಾಕೆ?

ನಮ್ಮ ಮನೆಯಲ್ಲಿ ಒಂದು ಮಳೆ ಪುಸ್ತಕ ಇದೆ. ಅಪ್ಪ ಶುರು ಮಾಡಿದ್ದು. ಬೆಳಿಗ್ಗೆ ಎದ್ದು ಅಂಗಳದ ಮಾಪಕದ ನೀರು ಅಳೆದು, ಇಂಚು–ಸೆಂಟ್ ಲೆಕ್ಕದಲ್ಲಿ ಬರೆಯುವುದು. ಕೊಡಗಿನ ತೋಟದ ಮನೆಗಳಲ್ಲಿ ಇದು ಹೊಸದೇನಲ್ಲ, ನಿಮ್ಮಲ್ಲೂ ಇರಬಹುದು. ಹಳೆಯ ಪುಟಗಳಲ್ಲಿ ಮಾರ್ಚ್ ಹೊತ್ತಿಗೆ ಕಾಫಿ ಅರಳಿಸುವ ಹೂ ಮಳೆ, ಕೆಲವು ವಾರ ಬಿಟ್ಟು ಕಾಯಿ ನಿಲ್ಲಿಸುವ ಬ್ಯಾಕಿಂಗ್ ಮಳೆ. ಬೆರಳಿಟ್ಟು ತೋರಿಸಬಹುದು. ಈಚಿನ ಪುಟಗಳಲ್ಲಿ ಆ ಸಾಲು ತಪ್ಪಿದೆ. ಒಂದು ವರ್ಷ ಜನವರಿಯಲ್ಲೇ ಜೋರು ಮಳೆ ಬಂತು. ಕೊಯ್ಲು ಮುಗಿದಿರಲಿಲ್ಲ. ಒಂದೇ ರೆಕ್ಕೆಯಲ್ಲಿ, ಅಂದರೆ ಗಿಡದ ಒಂದೇ ಅಡ್ಡ ಕೊಂಬೆಯಲ್ಲಿ, ಕೆಂಪು ಹಣ್ಣೂ ಬಿಳಿ ಹೂವೂ. ಹಣ್ಣು ಕಿತ್ತರೆ ಹೂ ಉದುರುತ್ತದೆ, ಅಂದರೆ ಮುಂದಿನ ವರ್ಷದ ಫಸಲು ಹೋಯಿತು. ಬಿಟ್ಟರೆ ಈ ವರ್ಷದ್ದು ನೆಲದ ಪಾಲು. ಕೊಯ್ಯುವ ಹೆಂಗಸರು ಬುಟ್ಟಿ ಹಿಡಿದು ನಿಂತು "ಏನ್ ಮಾಡೋದು?" ಅಂತ ನನ್ನ ಮುಖ ನೋಡಿದರು. ನನ್ನ ಹತ್ತಿರವೂ ಉತ್ತರ ಇರಲಿಲ್ಲ.

ಆಮೇಲೆ ಗುಡ್ಡಗಳು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಕುಸಿದದ್ದನ್ನು ಯಾರೂ ಮರೆತಿಲ್ಲ. 2019ರಲ್ಲಿ ತೋರ. 2020ರಲ್ಲಿ ತಲಕಾವೇರಿಯ ಗಜಗಿರಿ. 2024ರ ಜುಲೈ 30ರಂದು ಪಕ್ಕದ ವಯನಾಡು. ವಯನಾಡಿನ ಆ ಮಳೆಯನ್ನು ಹಲವು ದೇಶಗಳ ವಿಜ್ಞಾನಿಗಳ ಒಂದು ತಂಡ ಲೆಕ್ಕ ಹಾಕಿತು. ಭೂಮಿ ಬಿಸಿಯಾಗಿರುವುದರಿಂದ ಮಳೆಯ ಬಿರುಸು ಸುಮಾರು ಶೇ. 10ರಷ್ಟು ಹೆಚ್ಚಿತ್ತು ಅಂತ ಅವರು ಹೇಳಿದರು.

ಹಾಗಂತ ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದು ತಪ್ಪು. ಇಳಿಜಾರನ್ನು ಜೆಸಿಬಿಯಿಂದ ನೇರ ಕಡಿದದ್ದು, ನೀರು ಹರಿಯುವ ಜಾಗದಲ್ಲಿ ಮನೆ ಕಟ್ಟಿದ್ದು, ರಸ್ತೆಗೆ ಗುಡ್ಡದ ಬುಡ ಅಗೆದದ್ದು ನಾವೇ. 2018ರ ನಂತರ ಬಂದ ಭೂವಿಜ್ಞಾನಿಗಳೂ ಇದನ್ನೇ ಹೇಳಿದರು. ಮೇಲಿಂದ ಮಳೆ ಹೆಚ್ಚಾಯಿತು, ಕೆಳಗೆ ನಾವು ಮಣ್ಣು ಸಡಿಲ ಮಾಡಿದೆವು. ಎರಡೂ ನಿಜ.

ಹೊಗೆ ಬಿಟ್ಟದ್ದು ಅಮೆರಿಕ, ಯುರೋಪು. ನಮಗ್ಯಾಕೆ ಹೊಣೆ?

ಈ ಪ್ರಶ್ನೆ ಕೇಳುವವರ ಸಿಟ್ಟು ನ್ಯಾಯವಾದದ್ದು. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಿದರೆ ನೂರಾರು ವರ್ಷ ಅಲ್ಲೇ ಇರುತ್ತದೆ. ಆದ್ದರಿಂದ ಇವತ್ತು ಯಾರು ಬಿಡುತ್ತಿದ್ದಾರೆ ಅನ್ನುವುದರ ಜೊತೆಗೆ, ಇಲ್ಲಿಯವರೆಗೆ ಯಾರು ಬಿಟ್ಟರು ಅನ್ನುವುದೂ ಮುಖ್ಯ. ಕೈಗಾರಿಕೆ ಶುರುವಾದ ಕಾಲದಿಂದ ಕಲ್ಲಿದ್ದಲು, ಎಣ್ಣೆ, ಅನಿಲ ಉರಿಸಿ ಬಿಟ್ಟ ಒಟ್ಟು ಹೊಗೆಯಲ್ಲಿ ಅಮೆರಿಕದ ಪಾಲು ಹತ್ತಿರ ಹತ್ತಿರ ಕಾಲು ಭಾಗ. ಭಾರತದ್ದು ನೂರಕ್ಕೆ ಮೂರೋ ನಾಲ್ಕೋ. ಲೋಕದ ಜನಸಂಖ್ಯೆಯಲ್ಲಿ ನಾವು ಆರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇದ್ದೇವೆ, ನೆನಪಿರಲಿ. ಇವತ್ತಿನ ಲೆಕ್ಕದಲ್ಲೂ ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್, ಒಬ್ಬ ಅಮೆರಿಕನ್ನನ ಪಾಲಿಗೆ ಸುಮಾರು 14 ಟನ್.

1992ರಲ್ಲಿ ರಿಯೊ ನಗರದಲ್ಲಿ ಆದ ಹವಾಮಾನ ಒಪ್ಪಂದ ಇದನ್ನು ಒಪ್ಪಿಕೊಂಡಿದೆ. ಹೊಣೆ ಎಲ್ಲರದ್ದು, ಆದರೆ ಸಮನಲ್ಲ, ಅವರವರು ಮಾಡಿದ್ದಕ್ಕೂ ಅವರವರ ಶಕ್ತಿಗೂ ತಕ್ಕಂತೆ ಅನ್ನುವುದು ಅದರ ಸಾರ. ಭಾರತ ಈ ಮಾತನ್ನು ಇವತ್ತಿಗೂ ಬಿಟ್ಟಿಲ್ಲ. ಬಿಡಲೂ ಬಾರದು.

ಆದರೆ ಇನ್ನೊಂದು ಮುಖವೂ ಇದೆ. ವರ್ಷದ ಒಟ್ಟು ಲೆಕ್ಕದಲ್ಲಿ ಚೀನಾ, ಅಮೆರಿಕ ಬಿಟ್ಟರೆ ಮೂರನೆಯವರು ನಾವೇ. ಆ ಎರಡು ಟನ್ ಸರಾಸರಿಯೊಳಗೆ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಒಂದು ಬಲ್ಬು ಉರಿಸುವ ಕುಟುಂಬವೂ ಇದೆ, ಬೆಂಗಳೂರಿನಲ್ಲಿ ನಾಲ್ಕು ಕೋಣೆಗೆ ಎಸಿ ಹಾಕಿದ ಕುಟುಂಬವೂ ಇದೆ. ಅಮೆರಿಕದವರಿಂದ ನ್ಯಾಯ ಕೇಳುವ ನಾವು ಆ ಲೈನ್ ಮನೆಗೂ ಅದೇ ನ್ಯಾಯ ಕೊಡಬೇಕು.

ನನ್ನ ನಿಲುವು ಇಷ್ಟು. ಪಕ್ಕದ ತೋಟದವನು ಬೆಂಕಿ ಹಾಕಿದ, ನಿಜ. ಅವನಿಂದ ಪರಿಹಾರ ಕೇಳೋಣ. ಆದರೆ ಬೆಂಕಿ ನಮ್ಮ ಬೇಲಿ ದಾಟುತ್ತಿರುವಾಗ ಸೊಪ್ಪು ಕಡಿದು ಬಡಿಯುವ ಕೆಲಸ ನಿಲ್ಲಿಸಿ ವಾದ ಮಾಡುತ್ತಾ ಕೂರಲು ಆಗುವುದಿಲ್ಲ ಅಲ್ವಾ?

ಅವರು ಕೊಡ್ತೀವಿ ಅಂದ ದುಡ್ಡು ಬಂತಾ?

ಸಾಲದು, ತಡ. ಶ್ರೀಮಂತ ದೇಶಗಳು ಬೆಳೆಯುತ್ತಿರುವ ದೇಶಗಳಿಗೆ ಹವಾಮಾನದ ಕೆಲಸಕ್ಕೆ ವರ್ಷಕ್ಕೆ 10,000 ಕೋಟಿ ಡಾಲರ್ ಕೊಡುವ ಮಾತು 2020ಕ್ಕೆ ಮುಟ್ಟಬೇಕಿತ್ತು, ಮುಟ್ಟಲಿಲ್ಲ. 2024ರಲ್ಲಿ ಬಾಕು ಹವಾಮಾನ ಸಭೆಯಲ್ಲಿ 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್ ಅಂತ ಹೇಳಿದರು. ಭಾರತ ಅಲ್ಲೇ ಎದ್ದು ನಿಂತು ಒಪ್ಪುವುದಿಲ್ಲ ಅಂದಿತು. ಸರಿಯಾಗಿಯೇ ಅಂದಿತು.

ಭಾರತ ಏನು ಮಾತು ಕೊಟ್ಟಿದೆ?

2015ರ ಪ್ಯಾರಿಸ್ ಒಪ್ಪಂದದ ಪ್ರಕಾರ ಪ್ರತಿ ದೇಶ ತನ್ನ ಗುರಿಯನ್ನು ತಾನೇ ಬರೆದುಕೊಡಬೇಕು. 2021ರಲ್ಲಿ ಗ್ಲಾಸ್ಗೋ ಹವಾಮಾನ ಸಭೆಯಲ್ಲಿ ಪ್ರಧಾನಿ 2070ಕ್ಕೆ ನೆಟ್ ಜೀರೋ ಅಂತ ಘೋಷಿಸಿದರು. ಅಂದರೆ ಆ ಹೊತ್ತಿಗೆ ಬಿಡುವ ಹೊಗೆಯೂ, ಕಾಡು, ಮಣ್ಣು ಹೀರಿಕೊಳ್ಳುವುದೂ ಸಮ ಆಗಬೇಕು. 2022ರಲ್ಲಿ ಬರೆದುಕೊಟ್ಟ ಗುರಿಯಲ್ಲಿ 2030ಕ್ಕೆ ಮುಖ್ಯವಾಗಿ ಎರಡು ವಿಷಯ ಇವೆ.

ಮೊದಲನೆಯದು, ದೇಶದ ಒಂದೊಂದು ರೂಪಾಯಿ ಉತ್ಪತ್ತಿಗೆ ಬೀಳುವ ಹೊಗೆಯನ್ನು 2005ಕ್ಕಿಂತ ಶೇ. 45ರಷ್ಟು ಇಳಿಸುವುದು. ಇದನ್ನು ಒಟ್ಟು ಹೊಗೆ ಇಳಿಯುತ್ತದೆ ಅಂತ ತುಂಬಾ ಜನ ತಪ್ಪು ತಿಳಿಯುತ್ತಾರೆ. ಒಂದು ಚೀಲ ಕಾಫಿಗೆ ಸುಡುವ ಡೀಸೆಲ್ ಅರ್ಧ ಮಾಡಿದೆವು ಅನ್ನಿ. ಚೀಲಗಳೇ ಮೂರು ಪಟ್ಟಾದರೆ ಒಟ್ಟು ಡೀಸೆಲ್ ಏರಿಯೇ ಇರುತ್ತದೆ. ಬೆಳೆಯುತ್ತಿರುವ ದೇಶಕ್ಕೆ ಈ ಅಳತೆ ಸರಿ ಇರಬಹುದು. ಆದರೆ ಅದು ಏನು ಅಳೆಯುತ್ತದೆ ಅನ್ನುವುದು ನಮಗೆ ಗೊತ್ತಿರಬೇಕು.

ಎರಡನೆಯದು, ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಎಣ್ಣೆ, ಅನಿಲ ಅಲ್ಲದ ಮೂಲದಿಂದ. ಇದನ್ನು 2025ರಲ್ಲೇ, ಐದು ವರ್ಷ ಮೊದಲೇ ಮುಟ್ಟಿದೆವು. ಸಂತೋಷದ ವಿಷಯ. ಆದರೂ ನಿಜವಾಗಿ ಹರಿಯುವ ಕರೆಂಟಿನಲ್ಲಿ ನೂರಕ್ಕೆ ಸುಮಾರು 70 ಪಾಲು ಇನ್ನೂ ಕಲ್ಲಿದ್ದಲಿನದ್ದೇ. ಇದು ಹೇಗೆ? 10 ಎಚ್‌ಪಿ ಮೋಟಾರು ದಿನಕ್ಕೆ ಐದು ತಾಸು, ಇನ್ನೊಂದು 10 ಎಚ್‌ಪಿ ಮೋಟಾರು ಹದಿನೆಂಟು ತಾಸು ಓಡಿತು ಅನ್ನಿ. ಬೋರ್ಡಿನ ಮೇಲೆ ಎರಡೂ ಸಮ. ಕೆರೆಯಿಂದ ಎತ್ತಿದ ನೀರು ಸಮ ಅಲ್ಲ. ಸೋಲಾರ್ ಮೊದಲನೆಯ ಮೋಟಾರು, ಕಲ್ಲಿದ್ದಲು ಎರಡನೆಯದು. ಅಣು ಸ್ಥಾವರವೂ ಎರಡನೆಯ ಜಾತಿಯದ್ದೇ. ಅದಕ್ಕೇ ಅದರ ಮಾತು ಇಷ್ಟು ಬರುತ್ತದೆ.

ಅಣು ಸ್ಥಾವರದಿಂದ ಹೊಗೆ ಬರಲ್ವಾ? ಫೋಟೋದಲ್ಲಿ ದೊಡ್ಡ ಗೋಪುರದಿಂದ ಬಿಳಿ ಹೊಗೆ ಕಾಣುತ್ತದಲ್ಲ?

ಅದು ನೀರಿನ ಆವಿ. ಅಣು ಸ್ಥಾವರದಲ್ಲಿ ಏನೂ ಉರಿಯುವುದಿಲ್ಲ. ಯುರೇನಿಯಂ ಪರಮಾಣು ಒಡೆದಾಗ ಬರುವ ಶಾಖದಿಂದ ನೀರು ಕುದಿಸಿ, ಆವಿಯಿಂದ ಟರ್ಬೈನ್ ತಿರುಗಿಸುತ್ತಾರೆ. ಗಣಿ ಅಗೆಯುವುದು, ಸಿಮೆಂಟು, ಕಬ್ಬಿಣ ಎಲ್ಲ ಸೇರಿಸಿ ಲೆಕ್ಕ ಹಾಕಿದರೂ ಒಂದು ಯೂನಿಟ್‌ಗೆ ಸುಮಾರು 12 ಗ್ರಾಂ ಇಂಗಾಲದ ಡೈಆಕ್ಸೈಡ್. ಗಾಳಿ ವಿದ್ಯುತ್ತೂ ಹತ್ತಿರ ಹತ್ತಿರ ಅಷ್ಟೇ. ಸೋಲಾರ್ 40ರ ಆಸುಪಾಸು. ಕಲ್ಲಿದ್ದಲು 820. ಇವು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿ 2014ರಲ್ಲಿ ಕೊಟ್ಟ ನಡು ಅಂಕಿಗಳು.

ಒಂದು ಪ್ರದರ್ಶನದಲ್ಲಿ ಕೈಗಾದಂಥ ಸ್ಥಾವರದ ಇಂಧನದ ಕಟ್ಟಿನ ಮಾದರಿ ಇಟ್ಟಿದ್ದರು. ಅರ್ಧ ಮೀಟರ್ ಉದ್ದ. ಹತ್ತೊಂಬತ್ತು ಸಣ್ಣ ಕೊಳವೆಗಳನ್ನು ಜೋಡಿಸಿ, ಎರಡೂ ತುದಿಗೆ ಬಿಲ್ಲೆ ಹಾಕಿ ಬಿಗಿದದ್ದು. ನೋಡಲು ನಮ್ಮ ಒಲೆಗೆ ಇಡುವ ಸೌದೆ ತುಂಡಿನಷ್ಟೇ. ನಿಜವಾದದ್ದರಲ್ಲಿ ಸುಮಾರು 15 ಕೆಜಿ ಯುರೇನಿಯಂ ಇಂಧನ ಇರುತ್ತದೆ. ಅಷ್ಟರಿಂದ ಸುಮಾರು ಏಳು ಲಕ್ಷ ಯೂನಿಟ್ ಕರೆಂಟು ಬರುತ್ತದೆ. ಅದನ್ನೇ ಕಲ್ಲಿದ್ದಲಿನಿಂದ ತೆಗೆಯಲು 450ರಿಂದ 500 ಟನ್ ಸುಡಬೇಕು. ಮೂವತ್ತು–ನಲವತ್ತು ಲಾರಿ ಲೋಡು. ಆ ಮಾದರಿಯನ್ನು ಕೈಯಲ್ಲಿ ತಿರುಗಿಸಿ ನೋಡಿದ ಮೇಲೆ ನನ್ನ ಯೋಚನೆ ಸ್ವಲ್ಪ ಬದಲಾಯಿತು ಅನ್ನುವುದನ್ನು ಮುಚ್ಚಿಡುವುದಿಲ್ಲ.

ದೇಶದಲ್ಲಿ ಅಣು ವಿದ್ಯುತ್ ಎಷ್ಟಿದೆ? ಕೈಗಾ ಎಷ್ಟು ಕೊಡುತ್ತದೆ?

ದೇಶದ ಮೊದಲ ಅಣು ವಿದ್ಯುತ್ ಸ್ಥಾವರ ತಾರಾಪುರ ಶುರುವಾದದ್ದು 1969ರಲ್ಲಿ. ಇಷ್ಟು ವರ್ಷವಾದರೂ ದೇಶದ ಕರೆಂಟಿನಲ್ಲಿ ಅಣುವಿನ ಪಾಲು ಶೇ. 3ರ ಹತ್ತಿರ. ಸಾಮರ್ಥ್ಯ 8,000 ಮೆಗಾವ್ಯಾಟ್‌ಗಿಂತ ಹೆಚ್ಚು. 2025ರ ಬಜೆಟ್ಟಿನಲ್ಲಿ 2047ಕ್ಕೆ 1,00,000 ಮೆಗಾವ್ಯಾಟ್ ಅಂತ ಗುರಿ ಇಟ್ಟರು. ಅದೇ ಡಿಸೆಂಬರಿನಲ್ಲಿ ಸಂಸತ್ತು ಹೊಸ ಕಾನೂನು ಮಾಡಿ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು.

ಕೈಗಾ ಇರುವುದು ಉತ್ತರ ಕನ್ನಡದಲ್ಲಿ, ಕಾಳಿ ನದಿಯ ದಡದಲ್ಲಿ. 220 ಮೆಗಾವ್ಯಾಟಿನ ನಾಲ್ಕು ಘಟಕ, ಒಟ್ಟು 880. ಮೊದಲ ಎರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ಕರೆಂಟು ಕೊಡಲು ಶುರು ಮಾಡಿದವು. ಒಂದನೇ ಘಟಕ ನಡುವೆ ಒಮ್ಮೆಯೂ ನಿಲ್ಲದೆ 962 ದಿನ ಓಡಿ, 2018ರ ಡಿಸೆಂಬರ್ 31ರಂದು ನಿಂತಿತು. ಆಗ ಅದು ವಿಶ್ವ ದಾಖಲೆ. ನಮ್ಮ ನಾಡಿನ ಎಂಜಿನಿಯರುಗಳು, ಕಾರ್ಮಿಕರು ಮಾಡಿದ ಕೆಲಸ. ಹೆಮ್ಮೆ ಪಡಬೇಕಾದದ್ದು. ನಾಲ್ಕೂ ಘಟಕ ಶೇ. 85ರಷ್ಟು ಹೊತ್ತು ಓಡಿದರೆ ವರ್ಷಕ್ಕೆ ಸುಮಾರು 650 ಕೋಟಿ ಯೂನಿಟ್ ಆಗುತ್ತದೆ. ಅಷ್ಟನ್ನು ಕಲ್ಲಿದ್ದಲಿನಿಂದ ತೆಗೆದಿದ್ದರೆ 50–60 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತಿತ್ತು. ಇನ್ನೂ 700 ಮೆಗಾವ್ಯಾಟಿನ ಎರಡು ಘಟಕಗಳಿಗೆ 2017ರಲ್ಲಿ ಒಪ್ಪಿಗೆ ಸಿಕ್ಕಿದೆ.

ಕೈಗಾಕ್ಕೂ ಕೊಡಗಿಗೂ ಏನು ಸಂಬಂಧ?

ಇದನ್ನು ಕೇಳುವವರು ಸಾಮಾನ್ಯವಾಗಿ ಇಪ್ಪತ್ತು–ಇಪ್ಪತ್ತೈದು ವಯಸ್ಸಿನವರು. ದೊಡ್ಡವರಿಗೆ ಗೊತ್ತು. ಮೈಸೂರಿನಿಂದ ಕೋಯಿಕ್ಕೋಡಿಗೆ ಹೋಗುವ 400 ಕೆವಿ ಲೈನ್ ನಮ್ಮ ದಕ್ಷಿಣ ಕೊಡಗಿನ ತೋಟ, ಕಾಡುಗಳ ಮೇಲೆ ಹಾದುಹೋಗುತ್ತದೆ. ಕೈಗಾದ ಮೂರು ಮತ್ತು ನಾಲ್ಕನೇ ಘಟಕದ ಕರೆಂಟನ್ನು ಕೇರಳಕ್ಕೆ ಸಾಗಿಸುವ ಯೋಜನೆಯ ಭಾಗ ಅದು. ವರ್ಷಗಟ್ಟಲೆ ಹೋರಾಟ ನಡೆಯಿತು, ಕೋರ್ಟಿಗೂ ಹೋಯಿತು. ಕೊನೆಗೆ ಲೈನ್ ಬಂತು. ಹತ್ತಾರು ಸಾವಿರ ಮರ ಹೋದವು.

ಪರಿಚಯದವರೊಬ್ಬರ ತೋಟದಲ್ಲಿ ಆ ಕೆಲಸ ನಡೆದಾಗ ನಾನು ಹೋಗಿದ್ದೆ. ಅಜ್ಜನ ಕಾಲದ ನಂದಿ, ಬೀಟೆ, ಹಲಸು. ಬುಡಕ್ಕೆ ನಂಬರು ಬರೆದಿದ್ದರು. ಗರಗಸ ಓಡುವಾಗ ಆ ಹಿರಿಯರು ತೋಟದ ಕಡೆ ಬೆನ್ನು ಹಾಕಿ ಕಣದಲ್ಲಿ ಕೂತಿದ್ದರು. ಮರ ಬಿದ್ದ ಮೇಲೆ ಕಾಫಿಗೆ ನೇರ ಬಿಸಿಲು ಬಿತ್ತು. ತಂತಿಯ ಕೆಳಗಿನ ಆ ಪಟ್ಟಿಯಲ್ಲಿ ಅರೇಬಿಕಾ ಕಾಫಿ ಮುಗಿಯಿತು, ಕಾಂಡಕೊರಕ ಹುಳು ಬಿಸಿಲಿರುವ ಕಡೆಗೇ ಮೊದಲು ಬರುತ್ತದೆ. ಪರಿಹಾರದ ಲೆಕ್ಕದಲ್ಲಿ ಮರಕ್ಕೆ ಬೆಲೆ ಇತ್ತು. ನೆರಳಿಗೆ ಇರಲಿಲ್ಲ.

ಇಂಗಾಲ ಬಿಡದ ಕರೆಂಟು ಬೇಕು ಅನ್ನುವ ನಾನೇ ಇದನ್ನು ಬರೆಯುತ್ತಿದ್ದೇನೆ. ಸ್ಥಾವರದ ಲೆಕ್ಕ ಹಾಕುವಾಗ ತಂತಿಯ ಕೆಳಗಿನ ಮರಗಳನ್ನೂ ಲೆಕ್ಕಕ್ಕೆ ಸೇರಿಸಬೇಕು. ಲೈನಿನ ದಾರಿ ನಿರ್ಧಾರ ಆಗುವ ಮೊದಲು ಊರಿನವರನ್ನು ಕೇಳಬೇಕು, ಆದ ಮೇಲೆ ನೋಟಿಸು ಕೊಡುವುದಲ್ಲ. ಸೋಲಾರ್ ಪಾರ್ಕಿನ ಲೈನಿಗೂ, ಗಾಳಿ ಗಿರಣಿಯ ಲೈನಿಗೂ ಇದೇ ಮಾತು.

ಸೋಲಾರ್ ಇದೆಯಲ್ಲ, ಅಣು ಯಾಕೆ?

ಸೋಲಾರ್ ಅಗ್ಗ, ಬೇಗ ಆಗುತ್ತದೆ, ನಾನು ಮೊದಲು ಅದಕ್ಕೇ ಓಟು ಹಾಕುತ್ತೇನೆ. ಪಾವಗಡದ ಒಣ ನೆಲದಲ್ಲಿ 2,050 ಮೆಗಾವ್ಯಾಟಿನ ಪಾರ್ಕು ಕೆಲವೇ ವರ್ಷದಲ್ಲಿ ಎದ್ದು ನಿಂತಿತು. ಅಷ್ಟು ಬೇಗ ಯಾವ ಅಣು ಸ್ಥಾವರವೂ ಆಗಲಾರದು.

ಆದರೆ ನಮ್ಮ ಮನೆಯ ಮೇಲಿನ 3 ಕಿಲೋವ್ಯಾಟ್ ಪ್ಯಾನೆಲ್ಲಿನ ಕಥೆ ಕೇಳಿ. ಫೆಬ್ರವರಿಯಲ್ಲಿ ದಿನಕ್ಕೆ ಹನ್ನೆರಡು ಯೂನಿಟ್ ಕೊಡುತ್ತದೆ. ಜುಲೈ–ಆಗಸ್ಟಿನ ಜಡಿಮಳೆಯ ಕಕ್ಕಡ ತಿಂಗಳಲ್ಲಿ? ಸೂರ್ಯನ ಮುಖವೇ ಕಾಣದ ದಿನಗಳಲ್ಲಿ ಮೂರೋ ನಾಲ್ಕೋ. ಮದ್ದು ಸೊಪ್ಪಿನ ಪಾಯಸ ಮಾಡುವ ದಿನ ಮಿಕ್ಸಿ ತಿರುಗುವುದು ಗ್ರಿಡ್ಡಿನ ಕರೆಂಟಿನಲ್ಲೇ. ಇಡೀ ದೇಶದಲ್ಲಿ ಒಟ್ಟಿಗೆ ಕಕ್ಕಡ ಇರುವುದಿಲ್ಲ, ರಾಜಸ್ಥಾನದ ಬಿಸಿಲು ತಂತಿಯ ಮೇಲೆ ಬರಬಹುದು. ಆದರೂ ಸಂಜೆ ಏಳು ಗಂಟೆ ಎಲ್ಲರಿಗೂ ಸಂಜೆಯೇ. ದೀಪ, ಟಿವಿ, ಅಡುಗೆ ಮನೆ ಎಲ್ಲ ಒಟ್ಟಿಗೆ ಶುರುವಾಗುವ ಹೊತ್ತಿಗೆ ಸೋಲಾರ್ ಸೊನ್ನೆ.

ಇದಕ್ಕೆ ಬ್ಯಾಟರಿ ಒಂದು ದಾರಿ, ಬೆಲೆ ಇಳಿಯುತ್ತಿದೆ. ಹಗಲು ನೀರು ಮೇಲೆತ್ತಿ ರಾತ್ರಿ ಕೆಳಗೆ ಬಿಡುವ ಪಂಪ್ಡ್ ಸ್ಟೋರೇಜ್ ಇನ್ನೊಂದು. ಅದನ್ನೇ ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟಿಗೆ ಮಾಡಹೊರಟಾಗ ಸಿಂಗಳೀಕದ ಕಾಡಿಗೆ ಕುತ್ತು ಅಂತ ಜನ ಎದ್ದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ನೋಡಿ, ಕಾಡು ಕೇಳದ ಕರೆಂಟು ಹುಡುಕುತ್ತಾ ಹೋದರೆ ಪಶ್ಚಿಮ ಘಟ್ಟದಲ್ಲಿ ಕೊನೆಗೆ ಯಾವ ದಾರಿಯೂ ಉಳಿಯುವುದಿಲ್ಲ. ಆದಷ್ಟು ಕಡಿಮೆ ನೆಲದಿಂದ, ಹಗಲು ರಾತ್ರಿ ಬರುವ ಕರೆಂಟು ಸ್ವಲ್ಪವಾದರೂ ಬೇಕು. ಆ ಜಾಗದಲ್ಲಿ ಅಣುವಿಗೆ ಕೆಲಸ ಇದೆ ಅಂತ ನನಗನ್ನಿಸುತ್ತದೆ.

ಚೆರ್ನೋಬಿಲ್ ತರಹ ಆದರೆ?

1986ರ ಏಪ್ರಿಲ್ 26ರಂದು ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣು ಸ್ಥಾವರ ಸ್ಫೋಟಿಸಿತು. ಮೊದಲ ಕೆಲವು ತಿಂಗಳಲ್ಲಿ ಸತ್ತವರು ಸುಮಾರು 30 ಮಂದಿ. ಹೆಚ್ಚು ವಿಕಿರಣ ತಗುಲಿದವರಲ್ಲಿ ಕಾಲಾಂತರದಲ್ಲಿ 4,000ದವರೆಗೆ ಸಾವು ಆಗಬಹುದು ಅಂತ ವಿಶ್ವಸಂಸ್ಥೆಯ ಸಂಸ್ಥೆಗಳು ಅಂದಾಜು ಮಾಡಿದವು. ಇನ್ನೂ ಹೆಚ್ಚು ಹೇಳುವವರೂ ಇದ್ದಾರೆ. ಆ ಸ್ಥಾವರಕ್ಕೆ ಗಟ್ಟಿಯಾದ ಹೊರ ಗುಮ್ಮಟವೇ ಇರಲಿಲ್ಲ. ಕೈಗಾದಲ್ಲಿ ಎರಡು ಪದರದ ಗುಮ್ಮಟ ಇದೆ. 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾ. ಸುನಾಮಿ ನೀರು ಜನರೇಟರುಗಳನ್ನು ಮುಳುಗಿಸಿತು, ತಂಪು ಮಾಡುವ ಪಂಪು ನಿಂತಿತು. ಅಲ್ಲಿ ವಿಕಿರಣಕ್ಕಿಂತ ಜಾಸ್ತಿ ಜೀವ ತೆಗೆದದ್ದು ಸ್ಥಳಾಂತರ. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಆಸ್ಪತ್ರೆಯಿಂದ, ವೃದ್ಧಾಶ್ರಮದಿಂದ ಎತ್ತಿ ಸಾಗಿಸಿದ ಮುದುಕರು ದಾರಿಯಲ್ಲಿ, ಶಿಬಿರದಲ್ಲಿ ತೀರಿಕೊಂಡರು. 2018ರಲ್ಲಿ ಶಿಬಿರ ಕಂಡ ನಮಗೆ ಅದು ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲೂ ಆಗಿದೆ. 1994ರ ಮೇ ತಿಂಗಳಲ್ಲಿ ಕೈಗಾದಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಪದರದ ಕಾಂಕ್ರೀಟು ಕಳಚಿ ಬಿತ್ತು. ಆಗ ಇಂಧನ ತುಂಬಿರಲಿಲ್ಲ. ವಿನ್ಯಾಸ ತಿದ್ದಿ ಮತ್ತೆ ಕಟ್ಟಿದರು. 2009ರ ನವೆಂಬರಿನಲ್ಲಿ ಅಲ್ಲಿನ ಕುಡಿಯುವ ನೀರಿನ ಕೂಲರಿನಲ್ಲಿ ವಿಕಿರಣ ಸೂಸುವ ಟ್ರೀಷಿಯಂ ಸೇರಿ, ಐವತ್ತಕ್ಕೂ ಹೆಚ್ಚು ಸಿಬ್ಬಂದಿಯ ದೇಹಕ್ಕೆ ಹೋಯಿತು. ಯಾರೋ ಬೇಕಂತಲೇ ಬೆರೆಸಿದ್ದು ಅಂತ ಅಧಿಕಾರಿಗಳು ಹೇಳಿದರು. ಯಂತ್ರ ಎಷ್ಟೇ ಗಟ್ಟಿ ಇರಲಿ, ಮನುಷ್ಯರ ಕೈಯಲ್ಲಿ ಇರುವುದು ತಾನೇ.

ಇದನ್ನು ಕಲ್ಲಿದ್ದಲಿನ ಪಕ್ಕ ಇಟ್ಟು ನೋಡಬೇಕು. ರಾಯಚೂರಿನ ಶಕ್ತಿನಗರದ ಕಲ್ಲಿದ್ದಲು ಸ್ಥಾವರದ ಬೂದಿ, ಗಣಿಯ ಅಪಘಾತ, ಎದೆಯ ರೋಗ, ಇವೆಲ್ಲ ಒಂದೇ ದಿನ ಪತ್ರಿಕೆಯ ಮುಖಪುಟಕ್ಕೆ ಬರುವುದಿಲ್ಲ. ಒಂದೊಂದು ಯೂನಿಟ್ ಕರೆಂಟಿಗೆ ಎಷ್ಟು ಸಾವು ಅಂತ ಲೆಕ್ಕ ಹಾಕಿದವರು ಎಲ್ಲರೂ ಕಲ್ಲಿದ್ದಲನ್ನೇ ಮೇಲೆ ಇಡುತ್ತಾರೆ. ಅಣು ಸೋಲಾರ್, ಗಾಳಿಯ ಸಾಲಿಗೆ ಬರುತ್ತದೆ. ಅಪಘಾತಗಳನ್ನೂ ಸೇರಿಸಿಯೇ.

ಕೈಗಾದಿಂದ ನಮಗೆ ವಿಕಿರಣ ಬರುತ್ತಾ?

ಇಲ್ಲ. ನೇರ ಗೆರೆ ಎಳೆದರೂ ಮಡಿಕೇರಿಗೆ ಸುಮಾರು 300 ಕಿ.ಮೀ. ತುರ್ತು ಯೋಜನೆ ಹಾಕುವುದು ಸ್ಥಾವರದ ಸುತ್ತ 16 ಕಿ.ಮೀ. ದೂರದವರೆಗೆ. ತಂತಿಯಲ್ಲಿ ವಿಕಿರಣ ಬರುತ್ತದಾ ಅಂತ ಒಬ್ಬರು ಕೇಳಿದ್ದರು. ಬರುವುದಿಲ್ಲ. ಕರೆಂಟಿಗೆ ಅದು ಯಾವ ಸ್ಥಾವರದ್ದು ಅನ್ನುವ ಗುರುತು ಇರುವುದಿಲ್ಲ.

ಕಸ ಎಲ್ಲಿಗೆ ಹಾಕುತ್ತಾರೆ?

ಉರಿದ ಇಂಧನವನ್ನು ಮೊದಲು ವರ್ಷಗಟ್ಟಲೆ ನೀರಿನ ಕೊಳದಲ್ಲಿ ಇಟ್ಟು ತಣಿಸುತ್ತಾರೆ. ಆಮೇಲೆ ತಾರಾಪುರ, ಕಲ್ಪಾಕ್ಕಂನಂಥ ಕಡೆ ಕರಗಿಸಿ ಮತ್ತೆ ಬಳಸಬಹುದಾದ ಪ್ಲುಟೋನಿಯಂ, ಯುರೇನಿಯಂ ಬೇರೆ ಮಾಡುತ್ತಾರೆ. ಉಳಿದ ತೀವ್ರ ಕಸವನ್ನು ಗಾಜಿನೊಳಗೆ ಕರಗಿಸಿ ಸ್ಟೀಲ್ ಡಬ್ಬಿಯಲ್ಲಿ ಮುಚ್ಚುತ್ತಾರೆ. ಗಾತ್ರ ಸಣ್ಣದು. ಆದರೆ ಸಾವಿರಾರು ವರ್ಷ ಕಾಯಬೇಕು. ಶಾಶ್ವತವಾಗಿ ಹೂಳಲು ಫಿನ್‌ಲೆಂಡ್ 400 ಮೀಟರಿಗೂ ಆಳದ ಬಂಡೆಯಲ್ಲಿ ಸುರಂಗ ತೋಡಿದೆ. ನಮ್ಮಲ್ಲಿ ಅಂಥದ್ದು ಇನ್ನೂ ಇಲ್ಲ.

2012ರಲ್ಲಿ ತಮಿಳುನಾಡಿನ ಕೂಡಂಕುಳಂ ಅಣು ಸ್ಥಾವರದ ಕಸಕ್ಕೆ ಕೋಲಾರದ ಹಳೆಯ ಚಿನ್ನದ ಗಣಿಯ ಹೆಸರು ಬಂದಾಗ ಕೆಜಿಎಫ್‌ನಲ್ಲಿ ಜನ ಬೀದಿಗಿಳಿದರು. ಸರ್ಕಾರ ಹಿಂದೆ ಸರಿಯಿತು. ಅಲ್ಲಿನವರನ್ನು ಒಂದು ಮಾತು ಕೇಳದೆ ಕೋರ್ಟಿಗೆ ಹೆಸರು ಕೊಟ್ಟದ್ದೇ ತಪ್ಪು. ಕಸದ ಪ್ರಶ್ನೆಗೆ ತಾಂತ್ರಿಕ ಉತ್ತರ ಇದೆ ಅಂತ ನಾನು ನಂಬುತ್ತೇನೆ. ಊರಿನವರನ್ನು ಒಪ್ಪಿಸುವ ಉತ್ತರ ಇನ್ನೂ ಸಿಕ್ಕಿಲ್ಲ.

ಶಿವರಾಮ ಕಾರಂತರೇ ಕೈಗಾ ಬೇಡ ಅಂದಿದ್ದರಲ್ಲ?

ಅಂದಿದ್ದರು. ಎಂಬತ್ತು ದಾಟಿದ ವಯಸ್ಸಿನಲ್ಲಿ ಬೀದಿಗಿಳಿದರು. 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು, ಸೋತರು. ಅವರು ಎತ್ತಿದ ಪ್ರಶ್ನೆಗಳು ಸೋಲಲಿಲ್ಲ. ಪಶ್ಚಿಮ ಘಟ್ಟದ ಕಾಡಿನ ನಡುವೆ ಯಾಕೆ, ಅಲ್ಲಿನ ಜನರಿಗೆ ಏನು ಹೇಳಿದಿರಿ, ಕಸ ಏನು ಮಾಡುತ್ತೀರಿ ಅನ್ನುವವು ಇವತ್ತಿಗೂ ಕೇಳಬೇಕಾದವೇ. ಈಗ ನಮಗೆ ಗೊತ್ತಿರುವಷ್ಟು ಹವಾಮಾನದ ವಿಷಯ ಆ ದಿನಗಳ ಚರ್ಚೆಯಲ್ಲಿ ಮುಂದೆ ಇರಲಿಲ್ಲ. ನಾನು ಅವರ ತೀರ್ಮಾನಕ್ಕೆ ಬಂದಿಲ್ಲ, ಆದರೆ ಅವರ ಪ್ರಶ್ನೆ ಬಿಟ್ಟು ಈ ವಿಷಯ ಮಾತಾಡುವುದಿಲ್ಲ.

ಅಣು ಸ್ಥಾವರ ದುಬಾರಿ, ತಡ ಅಂತಾರೆ. ನಿಜವಾ?

ನಿಜ. ಕೂಡಂಕುಳಂಗೆ ಸೋವಿಯತ್ ಒಕ್ಕೂಟದ ಜೊತೆ ಸಹಿ ಬಿದ್ದದ್ದು 1988ರಲ್ಲಿ, ಕೆಲಸ ಶುರುವಾದದ್ದು 2002ರಲ್ಲಿ, ಕರೆಂಟು ಬಂದದ್ದು 2013ರಲ್ಲಿ. ಫ್ರಾನ್ಸ್ ಮೂರರಲ್ಲಿ ಎರಡು ಪಾಲಿನಷ್ಟು ಕರೆಂಟನ್ನು ಅಣುವಿನಿಂದಲೇ ತೆಗೆಯುವ ದೇಶ. ಅಲ್ಲೂ ಫ್ಲಾಮನ್‌ವಿಲ್ ಘಟಕಕ್ಕೆ 2007ರಲ್ಲಿ ಕೈ ಹಾಕಿ, ಗ್ರಿಡ್ಡಿಗೆ ಜೋಡಿಸಿದ್ದು 2024ರ ಡಿಸೆಂಬರಿನಲ್ಲಿ. ನಮ್ಮ ಮಹಾರಾಷ್ಟ್ರದ ಜೈತಾಪುರ ಸ್ಥಾವರ ವರ್ಷಗಟ್ಟಲೆ ಮಾತುಕತೆಯಲ್ಲೇ ಇದೆ.

ಆದ್ದರಿಂದ 2030ರ ಗುರಿಗೆ ಅಣುವನ್ನು ನಂಬಿ ಕೂತರೆ ಕೆಟ್ಟೆವು. ಈ ಹತ್ತು ವರ್ಷದ ಕೆಲಸ ಸೋಲಾರ್, ಗಾಳಿ, ಬ್ಯಾಟರಿ ಮತ್ತು ಪೋಲು ತಡೆಯುವುದರದ್ದು. ಅಣು 2040ರ ನಂತರದ ಕಲ್ಲಿದ್ದಲಿನ ಜಾಗ ತುಂಬುವುದಕ್ಕೆ. ಹಲಸಿನ ಸಸಿ ನೆಟ್ಟ ಹಾಗೆ, ಇವತ್ತು ನೆಡದಿದ್ದರೆ ಆಗ ಸಿಗದು. ಇರುವುದನ್ನು ಹೆದರಿ ಮುಚ್ಚುವುದೂ ಸರಿಯಲ್ಲ. ಜರ್ಮನಿ 2023ರ ಏಪ್ರಿಲಿನಲ್ಲಿ ಕೊನೆಯ ಮೂರು ಸ್ಥಾವರ ಮುಚ್ಚಿತು, ಆಗ ಅದರ ಕಲ್ಲಿದ್ದಲು ಸ್ಥಾವರಗಳು ಇನ್ನೂ ಓಡುತ್ತಿದ್ದವು. ಕ್ರಮ ತಲೆಕೆಳಗಾಯಿತು ಅಂತ ನನ್ನ ಅಭಿಪ್ರಾಯ.

ಕೊಡಗಿನಲ್ಲೇ ಸಣ್ಣ ಅಣು ಸ್ಥಾವರ ಬರುತ್ತದಂತೆ?

ವಾಟ್ಸಾಪಿನ ಮಾತು. ಸಣ್ಣ ರಿಯಾಕ್ಟರ್ ಅಂದರೆ ಊರಿಗೊಂದು ಇಡುವ ಡಬ್ಬಿ ಅಲ್ಲ. ಅದಕ್ಕಾಗಿ 20,000 ಕೋಟಿ ರೂಪಾಯಿ ಇಟ್ಟು, 2033ರ ಹೊತ್ತಿಗೆ ಕನಿಷ್ಠ ಐದು ಓಡಿಸುವ ಗುರಿ ಹಾಕಿಕೊಂಡಿದ್ದಾರೆ. ಸ್ಥಾವರಕ್ಕೆ ಗಟ್ಟಿ ಸಮತಟ್ಟು ನೆಲ, ಬೇಸಿಗೆಯಲ್ಲೂ ಬತ್ತದ ನೀರು, ಸುತ್ತ ಜನ ವಾಸ ಇಲ್ಲದ ಜಾಗ ಬೇಕು. ಜಾರುವ ಗುಡ್ಡದ ಕೊಡಗು ಅದಕ್ಕೆ ತಕ್ಕ ಜಾಗ ಅಲ್ಲ.

ಆದರೆ ಒಂದು ಮಾತು ನಮಗೂ ತಾಗಬೇಕು. ನಮ್ಮಲ್ಲಿ ಬೇಡ ಅನ್ನುವಾಗ, ನಮ್ಮ ಸ್ಪ್ರಿಂಕ್ಲರ್ ಓಡುವುದು ಕೈಗಾದ ಮಲ್ಲಾಪುರದವರ, ಶಕ್ತಿನಗರದವರ ಪಕ್ಕದ ಸ್ಥಾವರದಿಂದ ಅನ್ನುವುದನ್ನು ನೆನಪಿಡೋಣ.

ನಮ್ಮ ತೋಟದ ಮರಗಳಿಗೆ ಇಂಗಾಲದ ದುಡ್ಡು ಸಿಗುತ್ತಾ?

2030ಕ್ಕೆ ಮರ, ಕಾಡುಗಳ ಮೂಲಕ 250ರಿಂದ 300 ಕೋಟಿ ಟನ್ ಹೆಚ್ಚುವರಿ ಇಂಗಾಲದ ಡೈಆಕ್ಸೈಡ್ ಹಿಡಿದಿಡುವುದೂ ದೇಶದ ಗುರಿ. ನೆರಳಿನ ಕಾಫಿ ತೋಟಕ್ಕೆ ಅದರಲ್ಲಿ ಪಾತ್ರ ಇದೆ. ಆದರೆ ಕಾರ್ಬನ್ ಕ್ರೆಡಿಟ್, ಅಂದರೆ ಮರ ಹಿಡಿದಿಟ್ಟ ಇಂಗಾಲಕ್ಕೆ ದುಡ್ಡು, ಕೊಡಿಸ್ತೀವಿ ಅಂತ ಬರುವ ಏಜೆಂಟರ ಕಾಗದಕ್ಕೆ ಓದದೆ ಸಹಿ ಹಾಕಬೇಡಿ. ಹತ್ತಿಪ್ಪತ್ತು ವರ್ಷ ಮರ ಮುಟ್ಟದ ಹಾಗೆ ಕಟ್ಟಿಹಾಕುವ ಷರತ್ತು ಸಾಮಾನ್ಯ. ಕೊಡಗಿನ ಹಳೆಯ ವಂಶಪಾರಂಪರ್ಯದ ಜಮ್ಮಾ ಜಾಗವಾದರೆ ಮರದ ಹಕ್ಕು ಯಾರದ್ದು ಅನ್ನುವುದನ್ನು ಮೊದಲು ನೋಡಿಕೊಳ್ಳಿ.

ಸರಿ, ನಾವು ಮನೆಯಲ್ಲಿ ಏನು ಮಾಡಬಹುದು?

ಮೊದಲು ಬಿಲ್ ನೋಡಿ. ಗೃಹಜ್ಯೋತಿಯಲ್ಲಿ ದುಡ್ಡು ಕಟ್ಟದಿದ್ದರೂ ಯೂನಿಟ್ ಬರೆದಿರುತ್ತದೆ. ಒಂದು ಯೂನಿಟ್‌ಗೆ ಸರಾಸರಿ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. ತಿಂಗಳಿಗೆ 150 ಯೂನಿಟ್ ಆದರೆ 105 ಕೆಜಿ. ಡೀಸೆಲ್ ಪಂಪಿನ ಲೆಕ್ಕ ಬೇರೆ. ಒಂದು ಲೀಟರಿಗೆ ಸುಮಾರು 2.7 ಕೆಜಿ. ಹೂ ಮಳೆ ಬಾರದೆ ದಿನಕ್ಕೆ 50 ಲೀಟರ್ ಸುಟ್ಟು ಸ್ಪ್ರಿಂಕ್ಲರ್ ಓಡಿಸಿದರೆ, ಮನೆಯ ಒಂದು ತಿಂಗಳ ಲೆಕ್ಕ ಒಂದೇ ದಿನಕ್ಕೆ ದಾಟಿತು. ಮಳೆ ತಪ್ಪಿದ್ದಕ್ಕೆ ಡೀಸೆಲ್, ಡೀಸೆಲ್ಲಿನಿಂದ ಇನ್ನಷ್ಟು ಬಿಸಿ. ಮಾಡಿಗೆ ಬಿಸಿಲು ಬೀಳುವವರು ಸೋಲಾರ್ ಹಾಕಿಸಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಮೇಲೆ ಮರದ ನೆರಳು ಇದ್ದರೆ ಅದಕ್ಕಾಗಿ ಮರ ಕಡಿಯಬೇಡಿ.

ಗ್ರಾಮಸಭೆಗೆ ಹೋಗಿ. ಹೊಸ ಲೈನ್, ರಸ್ತೆ ಅಗಲೀಕರಣದ ವಿಷಯ ಬಂದಾಗ ಸುಮ್ನೆ ಕೂರದೆ ನಕ್ಷೆ ಕೇಳಿ.

ಇನ್ನೊಂದು ಕೋರಿಕೆ. ಮನೆಯಲ್ಲಿ ಹಳೆಯ ಮಳೆ ಪುಸ್ತಕ ಇದ್ದರೆ ಇವತ್ತೇ ಪುಟಪುಟವಾಗಿ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ನಮ್ಮದರಲ್ಲಿ ಎಪ್ಪತ್ತರ ದಶಕದ ಎರಡು ವರ್ಷ ಗೆದ್ದಲು ತಿಂದಿದೆ. ಆ ಎರಡು ವರ್ಷ ನಮ್ಮ ತೋಟದ ಮೇಲೆ ಎಷ್ಟು ಮಳೆ ಬಿತ್ತು ಅಂತ ಹೇಳಲು ಈಗ ಅಪ್ಪನೂ ಇಲ್ಲ.